ಹುಲಿಯನ್ನು ಬದುಕಿಸಬೇಡಿ

ಶಿಕಾರಿಪುರದ ಓದುಗರೊಬ್ಬರು ಬರೆದಿದ್ದಾರೆ: "ಆರು ವರ್ಷದ ಮಗಳಿಗೆ ಪುಣ್ಯಕೋಟಿ ಕಥೆ ಹೇಳಿದೆ. ಹುಲಿ ಸತ್ತಿತು ಅಂದದ್ದೇ ತಡ, ಬಿಕ್ಕಿ ಬಿಕ್ಕಿ ಅತ್ತಳು. ಮರುದಿನ, ಹುಲಿ ಮತ್ತು ಹಸು ಗೆಳೆಯರಾದರು ಎಂದು ಬದಲಿಸಿ ಹೇಳಿದೆ. ಈಗಿನ ಮಕ್ಕಳಿಗೆ ಇಂಥ ಕಥೆ ಬೇಕೇ?"

ಅಮ್ಮಾ, ಮಲಗುವ ಹೊತ್ತಲ್ಲಿ ಮಗು ಅತ್ತರೆ ಯಾವ ತಾಯಿಗೂ ಸಂಕಟವೇ. ಬೇಕಾದರೆ ಹಗಲು ಹೊತ್ತು ಹೇಳಿ. ಆದರೆ ಹುಲಿಯನ್ನು ಮಾತ್ರ ಬದುಕಿಸಬೇಡಿ. ನಿಮ್ಮ ಮಗಳು ಅತ್ತದ್ದು ಯಾರಿಗಾಗಿ? ಅಷ್ಟು ಹೊತ್ತು ತನ್ನನ್ನು ಹೆದರಿಸಿದ ಹುಲಿಗಾಗಿ! ಹಸಿದ ಹುಲಿ ಅರ್ಬುತ, ಕೊಟ್ಟ ಮಾತಿನಂತೆ ಮರಳಿ ಬಂದ ಹಸುವನ್ನು ಕಂಡು ಪ್ರಾಣ ಬಿಟ್ಟಿತು. ಆ ಪುಟ್ಟ ಹುಡುಗಿಗೆ ಅದು ಪೂರ್ತಿ ಅರ್ಥವಾಗಿದೆ. ಸುಮ್ನೆ ಗೆಳೆಯರಾದರು ಅಂದುಬಿಟ್ಟರೆ, ಹಸು ವಾಪಸ್ ಬಂದದ್ದಕ್ಕೆ ಬೆಲೆಯೇ ಇರುವುದಿಲ್ಲ, ಅಲ್ವಾ?

ನನ್ನ ಅಜ್ಜಿ ಹಾಲು ಕರೆಯುತ್ತಾ ಈ ಹಾಡು ಹೇಳುತ್ತಿದ್ದಳು. ಒಂದು ಮಳೆಗಾಲ ನಮ್ಮ ಕೆಂಪಿ ಸತ್ತು, ಅದರ ಕರು ತಬ್ಬಲಿಯಾಯಿತು. ಇನ್ನೊಂದು ಹಸುವಿನ ಕೆಚ್ಚಲಿಗೆ ಬಿಟ್ಟರೆ ಅದು ಜಾಡಿಸಿ ಒದೆಯುತ್ತಿತ್ತು. ಅಜ್ಜಿ ಬೆರಳನ್ನು ಹಾಲಲ್ಲಿ ಅದ್ದಿ ಕರುವಿಗೆ ಚೀಪಿಸುತ್ತಿದ್ದಳು. ನನ್ನ ಕಂದ ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಪುಣ್ಯಕೋಟಿ ಉಳಿದ ಹಸುಗಳನ್ನು ಬೇಡುತ್ತದಲ್ಲ, ಆ ಸಾಲಿಗೆ ಬಂದಾಗ ಅಜ್ಜಿಯ ದನಿ ನಿಂತುಹೋಗುತ್ತಿತ್ತು. ದನ ಸಾಕಿ ಗೊತ್ತಿದ್ದವರೇ ಕಟ್ಟಿದ ಸಾಲು ಅದು.

ಪಂಚತಂತ್ರವೂ ಅಷ್ಟೇ. ಓದು ತಲೆಗೆ ಹತ್ತದ ರಾಜಕುಮಾರರಿಗೆ ಲೋಕ ಹೇಗಿದೆ ಎಂದು ತಿಳಿಸಲು ಹೇಳಿದ ಕಥೆಗಳು. ಮೊದಲಿಗೇ ಚಾಡಿಕೋರ ನರಿ ದಮನಕ, ಸಿಂಹ ಮತ್ತು ಎತ್ತಿನ ಗೆಳೆತನ ಮುರಿಯುತ್ತಾನೆ. ಏನೂ ತಪ್ಪು ಮಾಡದ ಎತ್ತು ಸಾಯುತ್ತದೆ. 1031ರ ಸುಮಾರಿಗೆ ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ. ಅಂದರೆ ಯುದ್ಧ, ಒಪ್ಪಂದಗಳ ವ್ಯವಹಾರ ನೋಡಿಕೊಳ್ಳುವವನು. ದಮನಕನಂಥವರನ್ನು ಆಸ್ಥಾನದಲ್ಲಿ ದಿನಾ ಕಂಡಿರಬೇಕು! ಈ ಕಥೆ ಅರಬ್ಬಿ ಭಾಷೆಗೆ ಹೋದಾಗ ನರಿಗಳಾದ ಕರಟಕ, ದಮನಕರು ಕಲೀಲ, ದಿಮ್ನ ಆದರು. ಹೆಸರು ಬದಲಾಯಿತು, ಎತ್ತಿನ ಸಾವು ಬದಲಾಗಲಿಲ್ಲ.

ಈಗ ನೋಡಿ, ಕಥೆ ಮುಗಿಯುವ ಮೊದಲೇ "ನೀತಿ ಏನು?" ಅಂತ ಕೇಳುತ್ತೇವೆ. ಉತ್ತರಕ್ಕೆ 2 ಅಂಕ. ಮಗು ಒಂದು ಸಾಲು ಬಾಯಿಪಾಠ ಮಾಡಿ ಕಥೆಯನ್ನೇ ಮರೆಯುತ್ತದೆ. ಕಾರ್ಟೂನಿನಲ್ಲಂತೂ ನರಿಗೂ ಕಪಟವಿಲ್ಲ, ಹುಲಿಗೂ ಹಸಿವಿಲ್ಲ. ಎಲ್ಲ ಕುಣಿಯುತ್ತವೆ, ಅಷ್ಟೇ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಕ್ಕಳಿಗೆ ದುಃಖ ತಡೆಯುವ ಶಕ್ತಿ ಇಲ್ಲ ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ.

ನೀವು ಪುಣ್ಯವಂತರು, ಬಳ್ಳಿಗಾವಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿನ ತ್ರಿಪುರಾಂತಕೇಶ್ವರ ಗುಡಿಯಲ್ಲಿ ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ. ಯಾವ ಪ್ರಾಣಿ ಏನು ಮಾಡುತ್ತಿದೆ ಎಂದು ಅವಳೇ ಹೇಳಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಪುಣ್ಯಕೋಟಿ ಕಥೆಯನ್ನು ಇದ್ದ ಹಾಗೆಯೇ ಕೊನೆಯವರೆಗೂ ಹೇಳಿ. ಅತ್ತರೆ ತೊಡೆಯ ಮೇಲೆ ಕೂರಿಸಿಕೊಳ್ಳಿ.