ನೇರಳೆ ಫೌಂಟನ್ ಹುಲ್ಲಿನ ನಡು ಒಣಗುತ್ತಿರುವುದೇಕೆ?

ಪ್ರಶ್ನೆ: ಧಾರವಾಡದ ನಮ್ಮ ಮನೆಯ ಕಾಂಪೌಂಡಿನ ಪಕ್ಕ, ಎರೆಮಣ್ಣಿನಲ್ಲಿ, ಎರಡು ವರ್ಷಗಳ ಹಿಂದೆ ನೇರಳೆ ಫೌಂಟನ್ ಹುಲ್ಲು ನೆಟ್ಟೆವು. ಮೊದಲ ವರ್ಷ ಸೊಗಸಾಗಿ ತೆನೆ ಬಿಟ್ಟಿತು. ಈಗ ಬುಡದ ನಡುಭಾಗ ಒಣಗಿದೆ. ಎಲೆಗಳು ಹಸಿರಿಗೆ ತಿರುಗಿ ಬಾಗಿ ಬೀಳುತ್ತಿವೆ. ತಿಂಗಳಿಗೊಮ್ಮೆ ಯೂರಿಯಾ ಕೊಡುತ್ತಿದ್ದೇವೆ. ಇದು ಕಳೆಯಾಗಿ ಹರಡುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮೊದಲು ಯೂರಿಯಾ ನಿಲ್ಲಿಸಿ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗೆ ಉದ್ದವಾಗಿ ಬೆಳೆದು ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಬಣ್ಣ ಮಾಸುವುದಕ್ಕೆ ನೆರಳೇ ಮುಖ್ಯ ಕಾರಣ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಸಿಗದ ಕಡೆ ಈ ಹುಲ್ಲಿನ ನೇರಳೆ ಉಳಿಯುವುದಿಲ್ಲ. ಗೋಡೆ ಎಷ್ಟು ಹೊತ್ತು ನೆರಳು ಚೆಲ್ಲುತ್ತದೆಂದು ಗಮನಿಸಿ.

ನಡು ಒಣಗುವುದು ರೋಗವೇ ಆಗಬೇಕೆಂದಿಲ್ಲ. ಕಂಟಿಯಾಗಿ ಬೆಳೆಯುವ ಹುಲ್ಲುಗಳು ಹೊಸ ತೆಂಡೆಗಳನ್ನು (ಬುಡದಿಂದ ಏಳುವ ಮರಿಚಿಗುರುಗಳನ್ನು) ಹೊರಸುತ್ತಿನಲ್ಲೇ ಒಡೆಯುವುದರಿಂದ ಹಳೆಯ ನಡುಭಾಗ ಕ್ರಮೇಣ ಸಾಯುತ್ತದೆ. ಮುಂಗಾರು ಹಿಡಿದ ಮೇಲೆ, ಎಲೆಗಳನ್ನು ಅರ್ಧ ಅಡಿ ಎತ್ತರಕ್ಕೆ ಕತ್ತರಿಸಿ, ಕಂಟಿಯನ್ನು ಬೇರುಸಹಿತ ಅಗೆದು ತೆಗೆಯಿರಿ. ಕಂದು ಬಣ್ಣದ ಟೊಳ್ಳು ಬುಡಗಳನ್ನು ಎಸೆದು, ಹೊರಸುತ್ತಿನಿಂದ ನಾಲ್ಕೈದು ಜೀವಂತ ತೆಂಡೆ ಮತ್ತು ಬಿಳಿ ಬೇರು ಇರುವ ತುಂಡುಗಳನ್ನು ಹರಿತವಾದ ಸಲಿಕೆಯಿಂದ ಬೇರ್ಪಡಿಸಿ, ಎರಡೂವರೆ ಅಡಿ ಅಂತರದಲ್ಲಿ ನೆಡಿ. ಬೇರು ಒಣಗಲು ಬಿಡದೆ ಅಂದೇ ನೆಟ್ಟು ಮುಗಿಸಬೇಕು.

ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬೇರನ್ನು ಕೊಳೆಸುತ್ತದೆ, ಬೇಸಿಗೆಯಲ್ಲಿ ಬಿರುಕುಬಿಟ್ಟು ಅದನ್ನೇ ಹರಿಯುತ್ತದೆ. ಆದ್ದರಿಂದ ಗರಸು ಮಣ್ಣು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಒಂದಡಿ ಎತ್ತರದ ಮಡಿ ಮಾಡಿಕೊಳ್ಳುವುದು ನಿಮ್ಮಲ್ಲಿ ಅತ್ಯಗತ್ಯ. ಆ ಗೊಬ್ಬರವನ್ನೇ ವರ್ಷಕ್ಕೊಮ್ಮೆ ಕೊಟ್ಟರೆ ಸಾಕು.

ಕಳೆಯ ಬಗೆಗಿನ ಆತಂಕ ನ್ಯಾಯವಾದದ್ದೇ. ಉತ್ತರ ಆಫ್ರಿಕಾ ಮೂಲದ ಹಸಿರು ಫೌಂಟನ್ ಹುಲ್ಲಿನ ಬೀಜ ಗಾಳಿಯಲ್ಲಿ ಹರಡಿ, ಹವಾಯಿ ದ್ವೀಪಗಳಲ್ಲಿ ಕಾಡ್ಗಿಚ್ಚಿಗೆ ಮೇವಾಗುವಷ್ಟು ಬೆಳೆದುಬಿಟ್ಟಿದೆ. ನಿಮ್ಮ ನೇರಳೆ ತಳಿ ಮೊಳೆಯಬಲ್ಲ ಬೀಜ ಕಟ್ಟುವುದು ಅಪರೂಪ. ಆದರೆ ಹಸಿರು ಬಗೆಯನ್ನು ಯಾರು ಕೊಟ್ಟರೂ ನೆಡಬೇಡಿ; ಪಕ್ಕದಲ್ಲೇ ಹೊಲಗಳಿರುವ ಊರಿನಲ್ಲಿ ಆ ಅಪಾಯ ಬೇಡ.

ಗೋಡೆಯ ಬದಿಗೆ ಬಿಸಿಲಿದ್ದು, ಇನ್ನೂ ಎತ್ತರದ ಹುಲ್ಲು ಬೇಕೆನಿಸಿದರೆ ನಮ್ಮದೇ ಲಾವಂಚ ಒಳ್ಳೆಯ ಆಯ್ಕೆ. ದಕ್ಷಿಣ ಭಾರತದ ತಳಿಗಳು ಸಾಮಾನ್ಯವಾಗಿ ಬೀಜದಿಂದ ಹರಡುವುದಿಲ್ಲ, ಬೇರು ನೇರವಾಗಿ ಆಳಕ್ಕಿಳಿದು ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ. ಅದನ್ನೂ ಬುಡ ಒಡೆದೇ ನೆಡಬೇಕು.