ಸಿಲಿಂಡರ್ ಬಂದ ಮೇಲೂ ಸೌದೆ ಒಲೆ ಆರದಿರುವುದೇಕೆ?

ಪ್ರಶ್ನೆ: ಹಲವು ಬಡ ದೇಶಗಳಲ್ಲಿ ಸರ್ಕಾರವೇ ಅನಿಲ ಸಂಪರ್ಕ ಕೊಟ್ಟರೂ ಜನ ಸೌದೆಗೇ ಮರಳುತ್ತಾರೆಂದು ಓದಿದೆ. ಇದಕ್ಕೆ ರೂಢಿ ಕಾರಣವೇ, ದುಡ್ಡು ಕಾರಣವೇ?

ಉತ್ತರ: ರೂಢಿಯ ಪಾಲು ಸ್ವಲ್ಪ ಇದೆಯಾದರೂ ಮುಖ್ಯ ಕಾರಣ ದುಡ್ಡೇ. ಅದರಲ್ಲೂ ಇಂಧನದ ಬೆಲೆ ಎಷ್ಟು ಎನ್ನುವುದರಷ್ಟೇ, ಅದನ್ನು ಒಂದೇ ಸಲಕ್ಕೆ ಎಷ್ಟು ತೆರಬೇಕು ಎನ್ನುವುದೂ ಇಲ್ಲಿ ಮುಖ್ಯ. ದಿನಗೂಲಿಯಲ್ಲಿ ಬದುಕುವ ಕುಟುಂಬ ಇದ್ದಿಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಅಂದಂದಿನ ಅಡುಗೆಗೆ ಬೇಕಾದಷ್ಟೇ ಕೊಳ್ಳುತ್ತದೆ. ತಿಂಗಳ ಲೆಕ್ಕದಲ್ಲಿ ಅನಿಲವೇ ಅಗ್ಗವಾಗುವ ಕಡೆಗಳಲ್ಲಿಯೂ ಸಿಲಿಂಡರ್ ತುಂಬಿಸುವ ದಿನ ಅಷ್ಟೂ ಹಣ ಒಟ್ಟಿಗೆ ಕೈಯಲ್ಲಿರಬೇಕು, ಅದು ಇರುವುದಿಲ್ಲ. ಇಂಥ ಮನೆಗಳಲ್ಲಿ ಅನಿಲ ಒಲೆಯನ್ನು ಒರೆಸಿ, ಬಟ್ಟೆ ಮುಚ್ಚಿ ಇಟ್ಟಿರುತ್ತಾರೆ. ಸಿಲಿಂಡರನ್ನು ತುಸು ಎತ್ತಿ, ಅಲುಗಾಡಿಸಿ, ಇನ್ನೆಷ್ಟು ದಿನ ಬಂದೀತೆಂದು ಅಂದಾಜು ಮಾಡುವ ತಾಯಿ ಮಗುವಿನ ಹಾಲು ಕಾಯಿಸಲು ಮಾತ್ರ ಅದನ್ನು ಹಚ್ಚಿ, ಬಹಳ ಹೊತ್ತು ಬೇಯಬೇಕಾದುದಕ್ಕೆ ಸೌದೆಯ ಮುಂದೆ ಕೂರುತ್ತಾಳೆ. ಸರ್ಕಾರದ ಕಡತದಲ್ಲಿ ಅದು ಹೊಗೆಯಿಲ್ಲದ ಮನೆ. ಆದರೆ ಆಕೆಯ ಎದೆಗೆ ಹೋಗುವ ಹೊಗೆ ಹಾಗೆಯೇ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮನೆಯೊಳಗಿನ ಹೊಗೆ 2020ರಲ್ಲಿ ಸುಮಾರು 32 ಲಕ್ಷ ಜನರ ಸಾವಿಗೆ ಕಾರಣವಾಯಿತು.

ಇಂಡೋನೇಷ್ಯಾ 2007ರಲ್ಲಿ ಜನರನ್ನು ಸೀಮೆಎಣ್ಣೆಯಿಂದ ಅನಿಲಕ್ಕೆ ತರಲು ಹೊರಟಾಗ ಒಲೆ, ಕೊಳವೆ, ರೆಗ್ಯುಲೇಟರ್‌ಗಳ ಜೊತೆಗೆ 3 ಕಿಲೋದ ಪುಟ್ಟ ಸಿಲಿಂಡರನ್ನೂ ಉಚಿತವಾಗಿ ಕೊಟ್ಟು, ಮರುಭರ್ತಿಯ ಅನಿಲಕ್ಕೂ ಸಹಾಯಧನ ನೀಡಿತು. ಮೊದಲಿನಿಂದಲೂ ಇಂಧನಕ್ಕೆ ದುಡ್ಡು ಕೊಡುತ್ತಿದ್ದ ಕುಟುಂಬಗಳು ಬೇಗ ಬದಲಾದವು. ಸೌದೆ ಆರಿಸಿ ತರುತ್ತಿದ್ದ ಹಳ್ಳಿಗಳಲ್ಲಿ ಬದಲಾವಣೆ ಅಷ್ಟು ಸಲೀಸಾಗಲಿಲ್ಲ. ಭಾರತದ ಉಜ್ವಲಾ ಯೋಜನೆ 2016ರಲ್ಲಿ ಠೇವಣಿಯ ಹೊರೆಯನ್ನು ತೆಗೆದು ಕೋಟಿಗಟ್ಟಲೆ ಮನೆಗಳಿಗೆ ಸಂಪರ್ಕ ಕೊಟ್ಟಿತಾದರೂ, ಅದೇ ಮನೆಗಳ ಮರುಭರ್ತಿಗೆಂದೇ 2022ರಲ್ಲಿ ಪ್ರತ್ಯೇಕ ಸಹಾಯಧನ ಘೋಷಿಸಬೇಕಾಯಿತು. ಕೆನ್ಯಾದಲ್ಲಿ ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ಸಿಲಿಂಡರಿಗೆ ಮೀಟರ್ ಕೂರಿಸಿ ಮನೆಯಲ್ಲಿ ಇಟ್ಟು ಹೋಗುತ್ತಾರೆ. ಮನೆಯವರು ಮೊಬೈಲಿನಿಂದ ಆ ದಿನಕ್ಕಾಗುವಷ್ಟು ಹಣ ಕಟ್ಟಿದರೆ ಕವಾಟ ತೆರೆದುಕೊಳ್ಳುತ್ತದೆ, ಹಣ ಮುಗಿದಾಗ ಮುಚ್ಚಿಕೊಳ್ಳುತ್ತದೆ. ಇದ್ದಿಲು ಕೊಳ್ಳುವ ಕ್ರಮದಲ್ಲೇ ಅನಿಲವನ್ನೂ ಕೊಳ್ಳಬಹುದಾದ ಈ ಏರ್ಪಾಡು ಬಡವರ ಬದುಕನ್ನು ಹತ್ತಿರದಿಂದ ಬಲ್ಲದ್ದು ಎಂದು ನನಗನ್ನಿಸುತ್ತದೆ. ದುಃಖದ ಸಂಗತಿಯೆಂದರೆ ಅದೇ ಕೆನ್ಯಾ 2021ರಲ್ಲಿ ಅಡುಗೆ ಅನಿಲದ ಮೇಲೆ ಶೇ. 16ರಷ್ಟು ತೆರಿಗೆಯನ್ನು ಮತ್ತೆ ಹೇರಿತ್ತು. ಮರುವರ್ಷ ಅದನ್ನು ಅರ್ಧಕ್ಕೆ ಇಳಿಸಿ, 2023ರಲ್ಲಿ ಪೂರ್ತಿ ತೆಗೆಯಿತು.

ಪ್ರಶ್ನೆ: ಅನಿಲದ ಬದಲು ವಿದ್ಯುತ್ ಒಲೆಯನ್ನೇ ಕೊಡಬಾರದೇಕೆ?

ಉತ್ತರ: ಕೊಡಬಹುದಾದ ಕಡೆ ಕೊಡಲೇಬೇಕು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಒಂದು ಸಣ್ಣ ಪಾಲಷ್ಟೇ ಪಾತ್ರೆಗೆ ತಲುಪಿದರೆ, ಇಂಡಕ್ಷನ್ ಒಲೆಯಲ್ಲಿ ಬಹುಪಾಲು ಶಾಖ ಪಾತ್ರೆಯಲ್ಲೇ ಹುಟ್ಟುತ್ತದೆ. ಶಾಖ ಹೊರಹೋಗದಂತೆ ಕಟ್ಟಿದ ವಿದ್ಯುತ್ ಪ್ರೆಷರ್ ಕುಕ್ಕರ್ ಕಾಳು ಬೇಯಿಸುವುದರಲ್ಲಿ ಇನ್ನೂ ಮಿತವ್ಯಯಿ. ಆದರೆ ಎಲ್ಲರೂ ಅಡುಗೆಗಿಳಿಯುವ ಸಂಜೆಯ ಹೊತ್ತಿನಲ್ಲೇ ಕರೆಂಟು ಹೋಗುವ ಊರಿನಲ್ಲಿ, ಒಂದು ದೀಪಕ್ಕೆಂದು ಎಳೆದ ತೆಳು ತಂತಿಯ ಮನೆಯಲ್ಲಿ, ಒಲೆಯನ್ನಷ್ಟೇ ಕೊಟ್ಟರೆ ಪ್ರಯೋಜನವಿಲ್ಲ. ಜಲವಿದ್ಯುತ್ತು ಸಾಕಷ್ಟಿರುವ ನೇಪಾಳದಂಥ ದೇಶ ವಿದ್ಯುತ್ ಅಡುಗೆಯತ್ತ ಒಲಿದಿರುವುದು ಸಹಜವೇ. ಅನಿಲವನ್ನು ಅದು ಹೊರಗಿನಿಂದ ತರಿಸಬೇಕು.

ಪ್ರಶ್ನೆ: ಸುಧಾರಿತ ಸೌದೆ ಒಲೆ ಸಾಲದೇ?

ಉತ್ತರ: ಅದರಿಂದ ಸೌದೆ ಉಳಿಯುತ್ತದೆ, ಹೊರೆ ಹೊರುವ ಶ್ರಮವೂ ಕಡಿಮೆಯಾಗುತ್ತದೆ. ಆದರೆ ಇಂಥ ಒಲೆಗಳಲ್ಲಿ ಹೆಚ್ಚಿನವು ಸೂಕ್ಷ್ಮ ಕಣಗಳನ್ನು ಆರೋಗ್ಯಕ್ಕೆ ಸುರಕ್ಷಿತವೆನ್ನುವ ಮಟ್ಟಕ್ಕೆ ಇಳಿಸಲಾರವು. ಬೇರೆ ದಾರಿಯೇ ಇಲ್ಲದ ಕಡೆ ಅದನ್ನು ಕೊಡಲಿ; ಅನಿಲವೋ ವಿದ್ಯುತ್ತೋ ತಲುಪಬಹುದಾದ ಕಡೆ ಸಾರ್ವಜನಿಕರ ಹಣವನ್ನು ಅದಕ್ಕೆ ತೊಡಗಿಸುವುದನ್ನು ನಾನು ಒಪ್ಪಲಾರೆ.