ಕ್ವಿಬೆಕ್ ಬೇರೆ ದೇಶ ಆಗಿಬಿಟ್ರೆ ನನ್ನ ಗತಿ?

ತಂಗಿ, ಮಾಂಟ್ರಿಯಲ್‌ನಲ್ಲಿ ಕೆಲಸ ಸಿಕ್ಕಿದೆ, ಆದ್ರೆ ಆ ಊರಿರೋ ಕ್ವಿಬೆಕ್ ಪ್ರಾಂತ್ಯ ಕೆನಡಾ ಬಿಟ್ಟು ಹೋಗುತ್ತಂತೆ, ಶಿರಸಿಯಲ್ಲಿ ಆಯಿ ಬೇಡವೇ ಬೇಡ ಅಂತಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀಯಲ್ಲ. ಧೈರ್ಯವಾಗಿ ಬಾ. ಅದು ರಾತ್ರೋರಾತ್ರಿ ಆಗುವ ಕೆಲಸ ಅಲ್ಲ.

ಕ್ವಿಬೆಕ್ ಬೇರೆ ದೇಶ ಆಗಬೇಕು ಅನ್ನೋ ಪಾರ್ಟಿ ಕೆಬೆಕ್ವಾ ಪಕ್ಷ ಮತ್ತೆ ಜನಮತ ಕೇಳ್ತೇವೆ ಅಂತಿರೋದು ನಿಜ. ಹಿಂದೆ ಎರಡು ಸಲ ಕೇಳಿದ್ದಾರೆ. 1980ರಲ್ಲಿ 'ಬೇಡ' ಅಂದವರು ಸುಲಭವಾಗಿ ಗೆದ್ದರು. 1995ರಲ್ಲಿ ಮಾತ್ರ ಕೂದಲೆಳೆ ಅಂತರ, ಬೇಡ 50.58%, ಬೇಕು 49.42%. ಆ ಸಲದ ಪ್ರಶ್ನೆ ನೋಡಬೇಕು ನೀನು: ಕೆನಡಾಕ್ಕೆ ಹೊಸ ಪಾಲುದಾರಿಕೆ ಮಾಡಿಕೊಳ್ಳೋಣ ಅಂತ ಹೇಳಿ ನೋಡಿದ ಮೇಲೆ, ಇಂಥ ಮಸೂದೆ ಮತ್ತು ಜೂನ್ 12ರ ಒಪ್ಪಂದದ ಪ್ರಕಾರ ಕ್ವಿಬೆಕ್ ಸ್ವತಂತ್ರ ಆಗಬೇಕೋ ಅಂತ. ಓದಿ ಮುಗಿಸುವಷ್ಟರಲ್ಲಿ ಏನು ಕೇಳಿದರು ಅನ್ನೋದೇ ಮರೆತುಹೋಗುತ್ತೆ!

1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಇದನ್ನೆಲ್ಲ ವಿಚಾರಿಸಿತು. ಪ್ರಾಂತ್ಯ ತಾನೊಂದೇ ತೀರ್ಮಾನ ಮಾಡಿ ಎದ್ದು ಹೋಗುವಂತಿಲ್ಲ, ಕೆನಡಾದ ಕಾನೂನಿನಲ್ಲೂ ಆ ಹಕ್ಕಿಲ್ಲ, ಅಂತರರಾಷ್ಟ್ರೀಯ ಕಾನೂನಿನಲ್ಲೂ ಇಲ್ಲ. ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಅಂತಲೂ ಹೇಳಿತು. ಸ್ಪಷ್ಟ ಅಂದ್ರೆ ಎಷ್ಟು ಪರ್ಸೆಂಟು? ಕೋರ್ಟೂ ಹೇಳಲಿಲ್ಲ, 2000ದಲ್ಲಿ ಕೆನಡಾ ಸಂಸತ್ತು ಇದಕ್ಕಂತಲೇ ತಂದ ಕ್ಲಾರಿಟಿ ಆಕ್ಟ್ ಅನ್ನೋ ಕಾನೂನೂ ಹೇಳಲಿಲ್ಲ. ಜಾಣರು, ಅಲ್ವಾ? ಇನ್ನು ಮಾತುಕತೆ. ನಮ್ಮ ಕಡೆ ಒಂದು ಅಡಿಕೆ ತೋಟ ಪಾಲಾಗುವಾಗ ದಾರಿ, ನೀರು, ಸೊಸೈಟಿ ಸಾಲ ಅಂತ ಎಷ್ಟು ವರ್ಷ ಎಳೆಯುತ್ತೆ ಅಂತ ನಿಂಗೊತ್ತು. ಇಲ್ಲಿ ದೇಶದ ಸಾಲ, ಗಡಿ, ಸೈನ್ಯ ಎಲ್ಲಾ ಇದೆ. ಮೇಲಿಂದ ಉತ್ತರದ ಕ್ರೀ ಆದಿವಾಸಿಗಳು 1995ರಲ್ಲೇ ತಮ್ಮದೇ ಮತದಾನ ಮಾಡಿ, ನಾವು ಕ್ವಿಬೆಕ್ ಜೊತೆ ಹೋಗಲ್ಲ ಅಂದಿದ್ದಾರೆ.

ಭಾರತದಲ್ಲಿ ಈ ಮಾತುಕತೆಯ ದಾರಿಯೂ ಇಲ್ಲ. ಕಾರವಾರ, ಶಿರಸಿ ಎಲ್ಲಾ 1956ರಲ್ಲಿ ಬೊಂಬಾಯಿ ಬಿಟ್ಟು ಮೈಸೂರಿಗೆ ಬಂದವು, ಅದು ದೇಶದ ಒಳಗಿನ ಗೆರೆ. ಅದನ್ನು ಸಂಸತ್ತು ಬದಲಿಸಬಹುದು, ಸಂವಿಧಾನದ 3ನೇ ವಿಧಿ ಇರೋದೇ ಅದಕ್ಕೆ. ದೇಶ ಬಿಟ್ಟು ಹೋಗಲು ಯಾವ ವಿಧಿಯೂ ಇಲ್ಲ.

ಹಾಗಾಗಿ ಆಯಿಗೆ ಸಮಾಧಾನ ಹೇಳು. ನೀನು ಚಿಂತೆ ಮಾಡಬೇಕಾದ್ದು ಫ್ರೆಂಚ್ ಬಗ್ಗೆ. ಸ್ಟಾಪ್ ಬೋರ್ಡಿನ ಮೇಲೂ ಇಲ್ಲಿ ಹೆಚ್ಚಾಗಿ ಫ್ರೆಂಚಿನ 'ಅರೆ' (ನಿಲ್ಲಿ) ಅಂತಲೇ ಇರುತ್ತೆ. 2022ರ ಕಾನೂನಿನ ಪ್ರಕಾರ ಬಂದ ಆರು ತಿಂಗಳ ಮೇಲೆ ಪ್ರಾಂತ್ಯ ಸರ್ಕಾರದ ಕಾಗದಪತ್ರ ಹೆಚ್ಚುಕಡಿಮೆ ಎಲ್ಲಾ ಫ್ರೆಂಚಲ್ಲೇ. ಪರ್ಮನೆಂಟ್ ರೆಸಿಡೆನ್ಸಿ ಕೊಡೋದು ಕೇಂದ್ರವೇ ಆದರೂ ಕೆಲಸದ ಮೇಲೆ ಬಂದವರನ್ನು ಆರಿಸೋದು ಕ್ವಿಬೆಕ್, ಅಲ್ಲೂ ಫ್ರೆಂಚಿಗೇ ಬೆಲೆ ಜಾಸ್ತಿ. ತೆರಿಗೆ ರಿಟರ್ನೂ ಎರಡೆರಡು ತುಂಬಬೇಕು, ಅದೊಂದು ಕಿರಿಕಿರಿ. ವೀಸಾ ಬರುವವರೆಗೆ ಸುಮ್ನೆ ಕೂರಬೇಡ, ಇವತ್ತೇ ಆನ್‌ಲೈನ್ ಕ್ಲಾಸಿಗೆ ಸೇರ್ಕೋ.